ಕಳುವಾದ ಹಿಡಿತ

ಕುದಿಯುವ ಸರೇಸಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮವಿಡೀ ಬಿಡುವುದಿಲ್ಲ. ಮರಕ್ಕೆ ಮರ ಅಂಟಿಸಲು ಬಡಗಿಗಳು ತಗಡಿನ ಡಬ್ಬಿಯಲ್ಲಿ ಕಾಯಿಸುವ ಆ ಕಂದು ಅಂಟಿನಲ್ಲಿ ಸುಟ್ಟ ಗೊರಸು, ಒದ್ದೆ ಚರ್ಮ, ಹಳೇ ಗೋಣಿಚೀಲ ಎಲ್ಲವೂ ಸೇರಿಕೊಂಡಿರುತ್ತವೆ. ನೋಡೋಣಪ್ಪನವರು ಹುಟ್ಟಿ ಬೆಳೆದ ಮನೆಯ ಹಿಂದೆಯೇ ಒಬ್ಬ ಬಡಗಿಯ ಶೆಡ್ಡು ಇತ್ತು. ಮಧ್ಯಾಹ್ನ ಆ ವಾಸನೆ ಎದ್ದಿತೆಂದರೆ ಸಾಲು ಮನೆಯ ತಾಯಂದಿರೆಲ್ಲ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಇವರೊಬ್ಬರು ಮಾತ್ರ ಕಿಟಕಿ ಸರಳಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಅಂದಿನಿಂದ ಅವರಿಗೊಂದು ನಂಬಿಕೆ: ತಮ್ಮ ಕಣ್ಣು ತಪ್ಪಬಹುದು, ಕಿವಿ ತಪ್ಪಬಹುದು, ಮೂಗು ತಪ್ಪುವುದಿಲ್ಲ. ದೊಡ್ಡವರಾದ ಮೇಲೆ ಎಡಗೈಯ ಬಗ್ಗೆಯೂ ಅಂಥದೇ ನಂಬಿಕೆ ಬಂತು. ಆ ಮೂಗು, ಆ ಎಡಗೈ ಸೇರಿಕೊಂಡು ಮಾಡಿದ ಅನಾಹುತದ ಕಥೆ ಇದು. ಎರಡರಲ್ಲಿ ಒಂದಾದರೂ ತಪ್ಪಿದ್ದರೆ ಎಷ್ಟೋ ಜನ ಸುಖವಾಗಿರುತ್ತಿದ್ದರು.

ನೋಡೋಣಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕಿಂಡಿಯ ಹಿಂದೆ ಕೂರುವುದು ಅವರ ಕೆಲಸ. ನಲ್ಲಿ ಒಣಗಿದವರು, ನಲ್ಲಿ ನಿಲ್ಲದವರು, ನಲ್ಲಿಯಲ್ಲಿ ಕೆಸರು ಬಂದವರು ಬೆಳಗಿನಿಂದ ಸಂಜೆಯವರೆಗೆ ಆ ಕಿಂಡಿಯೊಳಗೆ ತಲೆ ತೂರಿಸಿ ಅವರ ಮುಖಕ್ಕೇ ಬೈಯುತ್ತಿದ್ದರು. ಎಲ್ಲರಿಗೂ ಅವರು ಕೊಡುತ್ತಿದ್ದ ಉತ್ತರ ಒಂದೇ: "ನೋಡೋಣ." ಅದರಲ್ಲಿ ಕೊಬ್ಬಿರಲಿಲ್ಲ. ಪಂಪು ಬೇರೆಯವರದು, ಕೊಳವೆ ಬೇರೆಯವರದು, ಬೀಗದ ಕೈ ಮತ್ತೊಬ್ಬರದು. ಅವರ ವಶದಲ್ಲಿದ್ದದ್ದು ಆ ಒಂದು ಮಾತು ಮಾತ್ರ. ಅದನ್ನು ಕೈ ಬಿಚ್ಚಿ ಹಂಚುತ್ತಿದ್ದರು. ಜನ ಅದನ್ನೇ ಅವರಿಗೆ ಹೆಸರಾಗಿ ಹಿಂತಿರುಗಿಸಿದರು.

ಸಂಜೆ ಮನೆಗೆ ಬರುವ ಹೊತ್ತಿಗೆ ಅವರು ಹಿಂಡಿ ಹರವಿದ ಬಟ್ಟೆಯಂತಿರುತ್ತಿದ್ದರು. ಕಾಲು ತೊಳೆದು, ನಡುಮನೆಯ ಕಿಟಕಿಯ ಹತ್ತಿರವಿದ್ದ ಕುಂಟು ಕುರ್ಚಿಯಲ್ಲಿ ಕೂತು, ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ತೊಡೆಗೆ ಎಳೆದುಕೊಳ್ಳುತ್ತಿದ್ದರು. ಕರೆಂಟಿಗೆ ಸಿಕ್ಕಿಸುತ್ತಿರಲಿಲ್ಲ. ಸಿಕ್ಕಿಸಿದರೆ ಪಕ್ಕದ ಮನೆಯವರು ದೂರು ತರುತ್ತಾರೆ, ದೂರು ಕೇಳಿ ಕೇಳಿಯೇ ಅಲ್ಲವೆ ಈ ಸ್ಥಿತಿಗೆ ಬಂದದ್ದು. ಸೊಳ್ಳೆಯ ಹಾಡಿನಷ್ಟು ಸಣ್ಣ ದನಿಯಲ್ಲಿ ತಂತಿ ಮೀಟುತ್ತ ಕೂತರೆ ಒಂದು ಗಂಟೆ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಹೆಂಡತಿ ಕುಕ್ಕರಿನ ಸೀಟಿಯನ್ನೂ ಆ ಗಂಟೆ ತಪ್ಪಿಸಿ ಕೂಗಿಸುತ್ತಿದ್ದರು. ಅವರ ಇಡೀ ದಿನದಲ್ಲಿ ಅವರದೆನ್ನುವುದು ಅದೊಂದೇ ಗಂಟೆ.

ಆ ಗಿಟಾರಿನ ವಿಶೇಷವೆಲ್ಲ ಅದರ ನೆಕ್ಕಿನಲ್ಲಿತ್ತು. ಎಡಗೈ ಹಿಡಿದುಕೊಂಡು ಮೇಲೆ ಕೆಳಗೆ ಓಡಾಡುವ ಉದ್ದನೆಯ ಮರದ ಭಾಗಕ್ಕೆ ಗಿಟಾರಿನವರು ನೆಕ್ ಅನ್ನುತ್ತಾರೆ. ಬೆರಳು ಉಜ್ಜಿ ಉಜ್ಜಿ ಅದರ ವಾರ್ನಿಷು ಸವೆದುಹೋಗಿತ್ತು. ಅಂಚುಗಳು ನದಿಯ ಕಲ್ಲಿನಂತೆ ಉರುಟಾಗಿದ್ದವು. ಹಿಡಿದರೆ ಹಳೆಯ ಗೆಳೆಯ ಕೈಕುಲುಕಿದ ಹಾಗೆ. "ಕಣ್ಣು ಕಟ್ಟಿ ನೂರು ಗಿಟಾರ್ ಕೊಡಿ, ನನ್ನ ಎಡಗೈ ಇದನ್ನ ಹುಡುಕಿ ಕೊಡುತ್ತೆ" ಎಂದು ಅವರು ನೆಂಟರಿಷ್ಟರ ಮುಂದೆ ಹೇಳುವುದಿತ್ತು. ಪಾಪ, ಹೇಳಿಕೊಳ್ಳಲು ಅವರಿಗೆ ಬೇರೇನೂ ಇರಲಿಲ್ಲ. ಹಾಗಾಗಿ ಯಾರೂ ನೂರು ಗಿಟಾರ್ ತರುವ ಗೋಜಿಗೆ ಹೋಗಲಿಲ್ಲ.

ಕಷ್ಟವೆಂದರೆ ಗಿಟಾರು ಅವರದಾಗಿರಲಿಲ್ಲ. ಅವರ ಭಾವನದು. ಅಕ್ಕನ ಸಂಸಾರ ಚಿಕ್ಕ ಮನೆಗೆ ಹೋಗುವಾಗ ಭಾವ ಅದನ್ನು ಇವರ ಕೈಗಿಟ್ಟು, "ಇಟ್ಕೊಂಡಿರು ಮಾರಾಯ, ಜಾಗ ಆದಾಗ ತಗೊಂಡು ಹೋಗ್ತೀನಿ" ಎಂದಿದ್ದರು. ಜಾಗವಾಗುವ ಮೊದಲೇ ಭಾವ ಹೋಗಿಬಿಟ್ಟರು. ಈಗ ಅವರ ಮಗಳು ದೊಡ್ಡವಳಾಗಿ, ಯಾರದೋ ಗಿಟಾರು ಎರವಲು ತಂದು ಕಲಿಯುತ್ತಿದ್ದಳು. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಆ ಹುಡುಗಿ ತಟ್ಟೆಯಿಂದ ತಲೆಯೆತ್ತದೆ, "ಮಾಮ, ಅಪ್ಪನ ಗಿಟಾರ್ ಒಂದ್ಸಲ ನುಡಿಸ್ಲಾ?" ಎಂದು ಕೇಳಿದಳು.

ಒಂದು ಸಲ ಎಂದಷ್ಟೇ ಕೇಳಿದ್ದಳು. ಆದರೆ ಎದುರಿಗೆ ಅಕ್ಕ, ಪಕ್ಕದಲ್ಲಿ ಹೆಂಡತಿ, ಮೂಲೆಯಲ್ಲಿ ಹೆಣ್ಣು ಕೊಟ್ಟ ಮಾವ. ಇಂಥ ಸಭೆಯಲ್ಲಿ ಮನುಷ್ಯನಿಗೆ ಔದಾರ್ಯ ಉಕ್ಕುವುದು ಸಹಜ. "ಒಂದ್ಸಲ ಯಾಕಮ್ಮ, ಅದು ನಿಂದೇ. ತಿಂಗಳ ಕೊನೆ ಭಾನುವಾರ ಬಂದು ತಗೊಂಡು ಹೋಗು. ವಿದ್ಯೆ ಇರೋದು ಗಿಟಾರಲ್ಲಲ್ಲ, ಕೈಯಲ್ಲಿ" ಎಂದುಬಿಟ್ಟರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗಿಯ ಮುಖ ಅರಳಿತು. ಮಾತು ಬಾಯಿಂದ ಹೊರಟ ಮೇಲೆ ನೋಡೋಣಪ್ಪನವರಿಗೆ ಕೆಮ್ಮು ಹತ್ತಿತು. ಹೆಂಡತಿ ನೀರಿನ ಲೋಟವನ್ನು ಅವರ ಕಡೆ ಸರಿಸಿದರು.

ಮಾರನೆಯ ದಿನವೇ ಅವರು ಗಿಟಾರನ್ನು ಹೊತ್ತುಕೊಂಡು ಗಿಟಾರ್ ಮೇಸ್ತ್ರಿಯ ಅಂಗಡಿಗೆ ಹೋದರು. ಈ ಮೇಸ್ತ್ರಿ ತೆಳ್ಳಗಿನ, ಬೆನ್ನು ಬಾಗಿದ ಮನುಷ್ಯ. ಹುಬ್ಬಿನ ಮೇಲೆ ಸದಾ ಮರದ ಪುಡಿ. ಹೇಳಿದ ಹಾಗೆ ಹೊಸ ಗಿಟಾರು ಮಾಡಿಕೊಡುವುದರಲ್ಲಿ ಹೆಸರುವಾಸಿ. ಗಿರಾಕಿಗಳ ಮೇಲೆ ಗೊಣಗುವುದರಲ್ಲಿ ಅದಕ್ಕಿಂತ ಹೆಸರುವಾಸಿ.

"ಇದರ ಹಾಗೇ ಒಂದು ಮಾಡಿಕೊಡಿ" ಎಂದರು ನೋಡೋಣಪ್ಪ. "ಬಣ್ಣ ಬೇರೆ ಆದರೂ ಪರವಾಗಿಲ್ಲ, ದನಿ ಬೇರೆ ಆದರೂ ಪರವಾಗಿಲ್ಲ. ನೆಕ್ಕಿನ ಹಿಡಿತ ಮಾತ್ರ ಇದೇ ಬೇಕು."

"ಎಲ್ರೂ ಅದನ್ನೇ ಕೇಳೋದು" ಎಂದು ಮೇಸ್ತ್ರಿ ನಿಟ್ಟುಸಿರು ಬಿಟ್ಟರು. "ಬಣ್ಣ ಕೇಳಿ, ಕೊಡ್ತೀನಿ. ಚಂದ್ರನ ಬಣ್ಣ ಕೇಳಿ, ಅದನ್ನೂ ಕೊಡ್ತೀನಿ. ಹಿಡಿತ ಅನ್ನೋದು ನಿಮ್ಮ ಕೈ ಒಳಗಿರುತ್ತೆ ಸಾರ್, ಅಲ್ಲಿಗೆ ನನ್ನ ಉಳಿ ಬರಲ್ಲ. ಬಿಟ್ಟು ಹೋಗಿ, ಪ್ರಯತ್ನ ಮಾಡ್ತೀನಿ."

ಮೇಸ್ತ್ರಿ ಪ್ರಯತ್ನವನ್ನು ಸುಮ್ಮನೆ ಮಾಡಲಿಲ್ಲ. ಬಾಚಣಿಗೆಯಂತೆ ಸೂಜಿ ಸೂಜಿಯಾಗಿ ಸರಿಯುವ ಒಂದು ಅಳತೆಗೋಲನ್ನು ನೆಕ್ಕಿನ ಬೆನ್ನಿಗೆ ಒತ್ತಿ, ಅದರ ಉಬ್ಬನ್ನು ಇದ್ದದ್ದು ಇದ್ದ ಹಾಗೆ ರಟ್ಟಿನ ಮೇಲೆ ಇಳಿಸಿಕೊಂಡರು. ತಲೆಯ ಹತ್ತಿರ ಎಷ್ಟು ದಪ್ಪ, ನಡುವಿನಲ್ಲಿ ಎಷ್ಟು, ಬುಡದಲ್ಲಿ ಎಷ್ಟು ಎಂದು ಅಳೆದರು. ಬೆಳಕಿಗೆ ಓರೆಯಾಗಿ ಹಿಡಿದು ವಾರ್ನಿಷು ಎಲ್ಲೆಲ್ಲಿ ಸವೆದಿದೆ ಎಂದು ನೋಡಿ, ಹೊಸ ಮರದಲ್ಲೂ ಅಲ್ಲಲ್ಲೇ ಉಜ್ಜಿ ಸವೆಸಿದರು. ಅಂಚುಗಳನ್ನು ಸ್ಕ್ರೂಡ್ರೈವರಿನ ನಯವಾದ ಕಂಬಿಯಿಂದ ಒತ್ತಿ ಒತ್ತಿ ಉರುಟು ಮಾಡಿದರು.

ನೋಡೋಣಪ್ಪನವರು ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಓಡಿ ಬಂದು, ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂತು ಹೊಸದನ್ನು ಹಿಡಿಯುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರು. ತಲೆ ಅಲ್ಲಾಡಿಸುತ್ತಿದ್ದರು. ಒಂದು ದಿನ ದಪ್ಪವಾಯಿತು, ಒಂದು ದಿನ ತೆಳುವಾಯಿತು, ಒಂದು ದಿನ ಎರಡೂ ಅಲ್ಲ, ಏನೋ "ಅಪರಿಚಿತರ ಮನೆಗೆ ಹೋದ ಹಾಗೆ" ಆಯಿತು. ಈ ಕೊನೆಯ ದೂರಿಗೆ ಯಾವ ಉಳಿ ಹಿಡಿಯಬೇಕೆಂದು ಮೇಸ್ತ್ರಿಗೆ ತಿಳಿಯಲಿಲ್ಲ.

"ಹಳೇದು ಇಲ್ಲೇ ಗೋಡೆ ಮೇಲಿದೆ. ಎರಡನ್ನೂ ಒಂದಾದಮೇಲೊಂದು ಹಿಡಿದು ನೋಡಿಬಿಡಿ ಸಾರ್, ಮುಗಿದುಹೋಗುತ್ತೆ" ಎಂದು ಅವರು ಎಷ್ಟು ಸಲ ಬೇಡಿಕೊಂಡರೋ.

"ಬೇಡಿ. ನನ್ನ ಕೈಗೆ ನೆನಪಿದೆ."

ಹೋಲಿಸಿ ನೋಡುವುದೆಂದರೆ ಎಡಗೈಯ ಮೇಲೆ ಅನುಮಾನಪಟ್ಟಂತೆ. ಅಷ್ಟು ವರ್ಷ ನೆಂಟರ ಮುಂದೆ ಹೊಗಳಿದ ಕೈಗೆ ಈಗ ಅವಮಾನ ಮಾಡುವುದು ಅವರಿಂದಾಗಲಿಲ್ಲ. ಮೇಸ್ತ್ರಿ ಮರಳುಕಾಗದ ಎತ್ತಿಕೊಂಡು, "ಒಂದು ದಿನ ನಾನೂ ನಿಮ್ಮ ಕಿಂಡಿಗೆ ಬರ್ತೀನಿ ನೋಡಿ. ಬಂದು ನಿಮ್ಮ ಮೇಲೇ ದೂರು ಕೊಡ್ತೀನಿ" ಎಂದರು. ಇಷ್ಟೆಲ್ಲ ಗೊಣಗಿದರೂ ಗಿರಾಕಿ ಬರುವ ಹೊತ್ತಿಗೆ ಸ್ಟೂಲಿನ ಮೇಲಿನ ಮರದ ಪುಡಿಯನ್ನು ತಮ್ಮ ಹೆಗಲ ವಸ್ತ್ರದಿಂದ ಒರೆಸಿಡುವುದನ್ನು ಅವರು ಮರೆಯುತ್ತಿರಲಿಲ್ಲ.

ಇತ್ತ ಮನೆಯಲ್ಲಿ ಗಿಟಾರಿಲ್ಲದ ಸಂಜೆಗಳು ಬಂದವು. ನೋಡೋಣಪ್ಪನವರು ಕುಂಟು ಕುರ್ಚಿಯ ಕಡೆ ಹೋಗದೆ ಮಂಚದ ಮೇಲೆ ಉರುಳಿಕೊಂಡು ಗೋಡೆ ನೋಡುತ್ತಿದ್ದರು. ಅದನ್ನು ಗಮನಿಸಿದವರು ಮಾವ. ಮಗಳ ಮನೆಯಲ್ಲೇ ಇರುವ, ಕಿವಿ ಸ್ವಲ್ಪ ಮಂದವಾದ, ಕೈ ಮಾತ್ರ ಸುಮ್ಮನಿರದ ಮುದುಕರು. ರಿಪೇರಿ ಅವರ ವ್ಯಸನ. ಅವರು ಸರಿಮಾಡಿದ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಸರಿಮಾಡಿದ ಛತ್ರಿ ಬಿಚ್ಚಿಕೊಂಡರೆ ಮುಚ್ಚುತ್ತಿರಲಿಲ್ಲ. ಆದರೂ ಅವರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮಗಳು ಗುಟ್ಟಾಗಿ ಹೊಸ ಛತ್ರಿ ತಂದು ಹಳೆಯದರ ಜಾಗದಲ್ಲಿ ಇಟ್ಟುಬಿಡುತ್ತಿದ್ದರು.

ಕಥೆಯಲ್ಲಿರುವವರಿಗೆ ಇನ್ನೂ ಗೊತ್ತಿಲ್ಲದ ಒಂದು ವಿಷಯ ಓದುವವರಿಗೆ ಈಗಲೇ ಗೊತ್ತಿರಲಿ. ಅಳಿಯ ಕುರ್ಚಿ ಬಿಟ್ಟು ಮಂಚ ಹಿಡಿದದ್ದನ್ನು ಕಂಡ ಮಾವ, ಕುರ್ಚಿ ಕುಂಟುತ್ತದೆಂದೇ ಅವನಿಗೆ ಬೇಜಾರಾಗಿದೆ ಎಂದು ತೀರ್ಮಾನಿಸಿದರು. ಮಗಳು ಪೇಟೆಗೆ ಹೋದ ಹೊತ್ತಿನಲ್ಲಿ ಕುರ್ಚಿಯನ್ನು ಹಿತ್ತಿಲಿಗೆ ಎಳೆದು, ಹಳೇ ಕಾಲದವರ ಹಾಗೆ ಡಬ್ಬಿಯಲ್ಲಿ ಸರೇಸು ಕಾಯಿಸಿ, ಗಿಡ್ಡವಾಗಿದ್ದ ಎಡಗಾಲಿಗೆ ಮರದ ತುಂಡು ಅಂಟಿಸಿ, ಹಗ್ಗ ಬಿಗಿದು ಒಣಗಿಸಿ, ಇದ್ದ ಜಾಗದಲ್ಲೇ ಇಟ್ಟುಬಿಟ್ಟರು. ಯಾರಿಗೂ ಹೇಳಲಿಲ್ಲ. ಕೂತಾಗ ತಾನೇ ಗೊತ್ತಾಗಲಿ, ಅಳಿಯನಿಗೆ ಸಂತೋಷವಾಗಲಿ ಎಂದು. ಅವರ ಜೀವಮಾನದಲ್ಲಿ ಮಾಡಿದ ರಿಪೇರಿಗಳಲ್ಲಿ ಸರಿಯಾಗಿ ಆದದ್ದು ಅದೊಂದೇ.

ಮರುದಿನ ಸಂಜೆ ಮೇಸ್ತ್ರಿ, ಅಳತೆಯ ಕೆಲಸವೆಲ್ಲ ಮುಗಿಯಿತು, ಹೊಸದಕ್ಕೆ ಎಣ್ಣೆ ಹಚ್ಚಿ ಒಣಗಲು ಇಟ್ಟಿದ್ದೇನೆ ಎಂದು ಹೇಳಿ ಹಳೆಯದನ್ನು ಹಿಂದಿರುಗಿಸಿದರು. ನೋಡೋಣಪ್ಪನವರು ಅದನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಮನೆಗೆ ತಂದರು. ಭಾನುವಾರ ಹುಡುಗಿ ಬಂದು ಕೊಂಡೊಯ್ಯುವ ಮೊದಲು ಇನ್ನೂ ಕೆಲವು ಸಂಜೆಗಳಿದ್ದವು. ಕಾಲು ತೊಳೆದರು. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತರು. ಎಡಗೈ ನೆಕ್ಕನ್ನು ಹಿಡಿಯಿತು.

ಹಿಡಿದ ಕೈ ಬೆಚ್ಚಿತು. ಇದು ಅದಲ್ಲ.

ಅವರು ಕಣ್ಣು ಮುಚ್ಚಿ ಮತ್ತೆ ಹಿಡಿದರು. ಮಣಿಕಟ್ಟು ಎಲ್ಲೋ ತಿರುಚಿಕೊಂಡಿತು. ಹೆಬ್ಬೆರಳು ತನ್ನ ಹಳೆಯ ಜಾಗ ಹುಡುಕಿ ಸಿಗದೆ ಅಲೆದಾಡಿತು. ನೋಡಲು ಬಣ್ಣ ಅದೇ, ಗೀರುಗಳು ಅವೇ. ಹಿಡಿತ ಮಾತ್ರ ಅಪರಿಚಿತರ ಮನೆ. ಆಗ ಮೂಗು ತನ್ನ ಸಾಕ್ಷ್ಯ ಹೇಳಿತು. ಎಲ್ಲಿಂದಲೋ ಸಣ್ಣಗೆ, ಸುಟ್ಟ ಗೊರಸು, ಒದ್ದೆ ಚರ್ಮ, ಹಳೇ ಗೋಣಿಚೀಲ. ಸರೇಸು. ಅದೂ ಹಸಿ ಸರೇಸು.

ನೋಡೋಣಪ್ಪನವರ ತಲೆಯಲ್ಲಿ ಎಲ್ಲ ಸೇರಿಕೊಂಡಿತು. ಮೇಸ್ತ್ರಿ ಹಳೆಯ ನೆಕ್ಕನ್ನು ಕಿತ್ತು ಇಟ್ಟುಕೊಂಡು ಇದಕ್ಕೆ ನಕಲಿಯನ್ನು ಅಂಟಿಸಿದ್ದಾರೆ. ಹೆಂಡತಿಯನ್ನು ಕರೆದು ಮೂಸಿ ನೋಡು ಎಂದರು. ಅವರು ಮೂಸಿ, "ಏನೋ ವಾಸನೆ ಬರ್ತಿದೆ, ನಿಜ" ಎಂದರು. ಕುರ್ಚಿಗೂ ಗಿಟಾರಿಗೂ ಮಧ್ಯೆ ಒಂದು ಗೇಣು ಅಂತರ. ಯಾವ ಮೂಗು ತಾನೆ ಅಷ್ಟು ಸೂಕ್ಷ್ಮವಾಗಿ ಬೆರಳು ತೋರಿಸೀತು. ಮಾವನನ್ನು ಕೇಳಿದರೆ ಅವರು ನಸುನಕ್ಕು, "ಗೊತ್ತಾಯ್ತಾ? ಇರಲಿ ಇರಲಿ" ಎಂದು ಕೈಯಾಡಿಸಿ ಒಳಗೆ ಹೋದರು. ಅವರಿಗೆ ಪ್ರಶ್ನೆ ಕೇಳಿಸಿಲ್ಲವೆಂದು ಎಲ್ಲರೂ ತಿಳಿದರು.

ಇಷ್ಟಕ್ಕೇ ನಿಂತಿದ್ದರೆ ಬೆಳಗಾಗುವುದರೊಳಗೆ ಸಿಟ್ಟು ಇಳಿಯುತ್ತಿತ್ತು. ಆದರೆ ಪಕ್ಕದ ಮನೆಯಲ್ಲಿ ಒಬ್ಬ ವಿಮೆ ಏಜೆಂಟರಿದ್ದರು. ಒಳ್ಳೆಯವರೇ. ನೆರೆಯವರಿಗೆ ಜ್ವರ ಬಂದರೆ ಮೊದಲು ಓಡಿ ಬರುವವರು. ಏನೇ ನಡೆದರೂ ಅದರಲ್ಲಿ ನಷ್ಟವನ್ನು ಮಾತ್ರ ನೋಡಿ ಅಭ್ಯಾಸವಾಗಿಬಿಟ್ಟಿತ್ತು, ಅಷ್ಟೆ. ಕಿಟಕಿಯಲ್ಲಿ ತಲೆಹಾಕಿ ವಿಷಯ ಕೇಳಿದ ಅವರು, ಹಳೇ ಗಿಟಾರುಗಳಿಗೆ ಈಗ ಬಂಗಾರದ ಬೆಲೆ, ಇದರ ಹಿಂದೆ ದೊಡ್ಡ ಜಾಲವೇ ಇರುತ್ತದೆ, ಇವತ್ತು ನೆಕ್ಕು ಹೋಯಿತು, ನಾಳೆ ಉಳಿದದ್ದೂ ಹೋಗುತ್ತದೆ ಎಂದು ಹೆದರಿಸಿದರು. ಸತ್ತ ಭಾವನ ವಸ್ತು, ತಬ್ಬಲಿ ಹುಡುಗಿಯ ಸೊತ್ತು ಎಂಬ ಮಾತೂ ಸೇರಿತು. ಅದು ನೋಡೋಣಪ್ಪನವರಿಗೆ ನೇರ ತಾಕಿತು. ಹುಡುಗಿಗೆ ಕೊಡುವುದಾದರೂ ಅಪ್ಪ ಹಿಡಿದ ಮರವನ್ನೇ ಕೊಡಬೇಡವೆ?

ಬೆಳಿಗ್ಗೆ ನೋಡೋಣಪ್ಪ, ವಿಮೆಯವರು ಇಬ್ಬರೂ ಗಿಟಾರು ಹೊತ್ತು ಮೇಸ್ತ್ರಿಯ ಅಂಗಡಿಗೆ ಹೋದರು. ಅಲ್ಲಿ ಆಗಲೇ ನಾಲ್ಕಾರು ಗಿರಾಕಿಗಳಿದ್ದರು. ನೋಡೋಣಪ್ಪನವರಿಗೆ ಜಗಳವಾಡಿ ಗೊತ್ತಿರಲಿಲ್ಲ, ಬೈಸಿಕೊಂಡು ಮಾತ್ರ ಗೊತ್ತಿತ್ತು. ಆದ್ದರಿಂದ ಕಿಂಡಿಯಲ್ಲಿ ಜನ ತಮಗೆ ಹೇಳುತ್ತಿದ್ದ ಮಾತುಗಳನ್ನೇ ನೆನಪಿಸಿಕೊಂಡು ಹೇಳಿದರು: ನಿಮಗೆ ನಾಚಿಕೆ ಇಲ್ಲವೆ, ನಮ್ಮ ಕಷ್ಟ ನಿಮಗೆ ಆಟವಾಗಿದೆಯೆ, ಕೊಳವೆ ಒಡೆದು ತಿಂಗಳಾಯಿತು. ಕೊನೆಯದು ಅಭ್ಯಾಸಬಲದಿಂದ ಬಂದುಬಿಟ್ಟಿತು.

ಮೇಸ್ತ್ರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಕೂಗಾಡಲಿಲ್ಲ. ಗಿಟಾರನ್ನು ತಿರುಗಿಸಿ ಬೆನ್ನು ತೋರಿಸಿದರು. "ಇಲ್ಲಿ ನೋಡಿ. ಈ ನೆಕ್ಕು ನಿಂತಿರೋದೇ ನಾಲ್ಕು ಸ್ಕ್ರೂ ಮೇಲೆ. ಈ ಜಾತಿ ಗಿಟಾರಿಗೆ ಇಲ್ಲಿ ಅಂಟೇ ಹಾಕಲ್ಲ. ಆ ಸ್ಕ್ರೂನೂ ನಾನು ಮುಟ್ಟಿಲ್ಲ, ತುಕ್ಕು ಹಾಗೇ ಇದೆ. ಸರೇಸು ಎಲ್ಲಿಂದ ಬಂತು ಹೇಳಿ."

"ಅದನ್ನೇ ನಾವೂ ಕೇಳ್ತಿರೋದು" ಎಂದರು ವಿಮೆಯವರು. "ಹಾಕಬಾರದ ಜಾಗದಲ್ಲಿ ಹಾಕಿದೀರಿ ಅಂದ್ರೆ ತಪ್ಪು ಇನ್ನೂ ದೊಡ್ಡದಲ್ವಾ?"

ಮೇಸ್ತ್ರಿ ಆ ಸ್ಕ್ರೂಗಳನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ತೋರಿಸುತ್ತಿದ್ದಾಗ, ಕಾದಿದ್ದ ಗಿರಾಕಿಗಳಲ್ಲಿ ಒಬ್ಬರು ಮೆಲ್ಲಗೆ ತಮ್ಮ ಪಿಟೀಲು ಎತ್ತಿಕೊಂಡು, ಆಮೇಲೆ ಬರುತ್ತೇನೆ ಎಂದು ಹೋದರು. ಅವರ ಹಿಂದೆ ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಗೋಡೆಯ ಮೇಲೆ ಮೊಳೆಗಳು ಉಳಿದವು, ವಾದ್ಯಗಳು ಹೋದವು. ಒಣಗುತ್ತಿದ್ದ ಹೊಸ ಗಿಟಾರೊಂದೇ ನೇತಾಡುತ್ತಿತ್ತು. ಮೇಸ್ತ್ರಿ ಬಾಗಿಲು ಹಾಕಿಕೊಂಡು, "ನಡೀರಿ, ನಾನೇ ಬರ್ತೀನಿ ಸ್ಟೇಷನ್ನಿಗೆ. ಅಲ್ಲೇ ತೀರ್ಮಾನ ಆಗಲಿ" ಎಂದರು.

ಪೊಲೀಸ್ ಠಾಣೆಯಲ್ಲಿ ಸಾಹೇಬರಿರಲಿಲ್ಲ. ದೊಡ್ಡ ಮೀಸೆಯ, ನಿದ್ದೆಗಣ್ಣಿನ ದಫೇದಾರರಿದ್ದರು. ಅವರು ನೋಡೋಣಪ್ಪನವರನ್ನು ಬಹಳ ಹೊತ್ತು ದಿಟ್ಟಿಸಿದರು. ಎಲ್ಲೋ ಕಂಡ ಮುಖ.

"ಕಳುವಾಗಿರೋದು ಏನು?"

"ಹಿಡಿತ ಸಾರ್."

"ಹಿಡಿತ ಅಂದ್ರೆ? ವಸ್ತು ಹೇಳಿ."

"ವಸ್ತು ಇಲ್ಲೇ ಇದೆ. ಹಿಡಿತ ಇಲ್ಲ."

ದಫೇದಾರರು ಗಿಟಾರನ್ನು ಒಮ್ಮೆ, ಮೇಸ್ತ್ರಿಯನ್ನು ಒಮ್ಮೆ, ಸೂರನ್ನು ಒಮ್ಮೆ ನೋಡಿದರು. "ಹಿಡಿತ ಎಷ್ಟು ಉದ್ದ ಇತ್ತು? ಯಾವ ಬಣ್ಣ?"

"ಅದು ಕೈಗೆ ಮಾತ್ರ ಗೊತ್ತಾಗೋದು ಸಾರ್."

"ಹಾಗಾದ್ರೆ ಸಾಕ್ಷಿ?"

"ನನ್ನ ಮೂಗು."

ಅಷ್ಟರಲ್ಲಿ ದಫೇದಾರರಿಗೆ ಮುಖದ ಗುರುತು ಹತ್ತಿತು. ಬೇಸಿಗೆಯಿಡೀ ಅವರ ಮನೆಯ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿತ್ತು. ಈ ಮನುಷ್ಯನ ಕಿಂಡಿಯ ಮುಂದೆ ಅವರು ಯೂನಿಫಾರಂ ಹಾಕಿಕೊಂಡೂ ನಿಂತಿದ್ದರು, ಹಾಕಿಕೊಳ್ಳದೆಯೂ ನಿಂತಿದ್ದರು. ಅವರು ಕುರ್ಚಿಗೆ ಒರಗಿ, ಮೀಸೆಯನ್ನು ನಿಧಾನವಾಗಿ ನೇವರಿಸಿ, ಬಹುಕಾಲದಿಂದ ಕಾದಿಟ್ಟಿದ್ದ ಮಾತನ್ನು ಹೊರತೆಗೆದರು.

"ನೋಡೋಣ."

ನೋಡೋಣಪ್ಪನವರು ತಲೆ ತಗ್ಗಿಸಿದರು. ಆ ಮಾತನ್ನು ಎದುರು ನಿಂತು ಕೇಳಿದರೆ ಹೇಗಿರುತ್ತದೆಂದು ಅವರಿಗೆ ಅಂದೇ ಮೊದಲು ತಿಳಿದದ್ದು.

ಆದರೂ ದಫೇದಾರರು ಕೆಟ್ಟವರಲ್ಲ. ಎದುರು ನಿಂತ ಇಬ್ಬರ ಮುಖವೂ ಅಳುವವರ ಹಾಗಿರುವುದನ್ನು ಕಂಡು, ಡ್ಯೂಟಿ ಮುಗಿದ ಮೇಲೆ ಮನೆಗೆ ಹೋಗುವ ದಾರಿಯಲ್ಲಿ ಸ್ಥಳ ಪರಿಶೀಲನೆ ಮಾಡುತ್ತೇನೆ ಎಂದರು. ಸಂಜೆ ಮನೆಗೆ ಬಂದೂ ಬಂದರು. ಹಿಂದೆ ಮೇಸ್ತ್ರಿ, ಮೇಸ್ತ್ರಿಯ ಹಿಂದೆ ವಿಮೆಯವರು, ಅವರ ಹಿಂದೆ ಸಾಲು ಮನೆಯ ಅರ್ಧ ಜನ. ದಿನವಿಡೀ ನಿಂತು ದಫೇದಾರರ ಕಾಲು ಸೋತಿತ್ತು. ಒಳಗೆ ಬಂದವರೇ ಕಿಟಕಿಯ ಪಕ್ಕದ ಕುರ್ಚಿಗೆ ಹೊರಟರು.

"ಅಯ್ಯೋ, ಅದರಲ್ಲಿ ಬೇಡಿ ಸಾರ್" ಎಂದು ಹೆಂಡತಿ ಓಡಿ ಬಂದರು. "ಅದು ಕುಂಟು ಕುರ್ಚಿ. ಎಡಕ್ಕೆ ವಾಲುತ್ತೆ. ಇವರೊಬ್ಬರಿಗೇ ಅದು ಅಭ್ಯಾಸ."

ಅಷ್ಟರಲ್ಲಿ ದಫೇದಾರರು ಕೂತಾಗಿತ್ತು. ಎಲ್ಲರೂ ಉಸಿರು ಹಿಡಿದರು. ಕುರ್ಚಿ ಅಲ್ಲಾಡಲಿಲ್ಲ. ಅವರು ಬೇಕೆಂದೇ ಎಡಕ್ಕೆ ಭಾರ ಹಾಕಿದರು, ಬಲಕ್ಕೆ ಹಾಕಿದರು. ಕುರ್ಚಿ ಬಂಡೆಯಂತೆ ನಿಂತಿತು.

"ಕುಂಟಲ್ವಲ್ಲಮ್ಮ."

ಮೂಲೆಯಲ್ಲಿದ್ದ ಮಾವ ನೆಲ ನೋಡುತ್ತ ಮುಂದೆ ಬಂದರು. ಮದುವೆ ಗಂಡಿನ ಹಾಗೆ ನಾಚಿಕೊಂಡಿದ್ದರು. "ನಾನೇ ಸರಿಮಾಡಿದ್ದು. ಹೊಸ ಕಾಲದ ಅಂಟಲ್ಲ, ಸರೇಸು ಕಾಯಿಸಿ ಹಾಕಿದೀನಿ. ಅಳಿಯಂದಿರು ಮೊದಲ ದಿನವೇ ವಾಸನೆ ಹಿಡಿದುಬಿಟ್ರು, ಅವರ ಮೂಗು ಅಂದ್ರೆ ಮೂಗು. ಆದ್ರೂ ಯಾರ ಹತ್ರಾನೂ ಹೇಳಲಿಲ್ಲ, ದೊಡ್ಡತನ."

ಮನೆಯಲ್ಲಿ ಗೋಡೆ ಗಡಿಯಾರ ಹಿಂದಕ್ಕೆ ಓಡುವ ಸದ್ದು ಕೇಳಿಸಿತು.

ದಫೇದಾರರು ಎದ್ದು ನಿಂತರು. ಮಾವ ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿಗಳನ್ನು ಹೆಂಡತಿ ತಂದು, ಕುರ್ಚಿಯ ಎರಡು ಬಲಗಾಲುಗಳ ಕೆಳಗೆ ಒಂದೊಂದಾಗಿ ತುರುಕಿದರು. ಕುರ್ಚಿ ಹಳೆಯ ಹಾಗೆ ಎಡಕ್ಕೆ ವಾಲಿತು. ನೋಡೋಣಪ್ಪನವರು ಹೋಗಿ ಕೂತರು, ಗಿಟಾರು ಎಳೆದುಕೊಂಡರು, ಹಿಡಿದರು. ಎಡ ಮೊಣಕೈ ತೊಡೆಗೆ ಇಳಿಯಿತು, ಮಣಿಕಟ್ಟು ನೆಟ್ಟಗಾಯಿತು, ಹೆಬ್ಬೆರಳು ನಡೆದುಕೊಂಡು ಹೋಗಿ ತನ್ನ ಹಳೆಯ ಜಾಗದಲ್ಲಿ ಕೂತುಕೊಂಡಿತು. ಹಳೆಯ ಗೆಳೆಯ ಕೈಕುಲುಕಿದ.

ಅವರು ತಲೆಯೆತ್ತಿ ಮೇಸ್ತ್ರಿಯ ಮುಖ ನೋಡಲು ಧೈರ್ಯ ಮಾಡುವ ಹೊತ್ತಿಗೆ ಮೇಸ್ತ್ರಿ ಅಲ್ಲಿರಲಿಲ್ಲ. ಹೊಸಿಲ ಬಳಿ ಅವರ ಹುಬ್ಬಿನಿಂದ ಉದುರಿದ ಒಂದಿಷ್ಟು ಮರದ ಪುಡಿ ಮಾತ್ರ ಬಿದ್ದಿತ್ತು.

"ಚೆನ್ನಾಗಿ ಆಗಿದೆ ಅಲ್ವಾ?" ಎಂದು ಮಾವ ಕೇಳಿದರು. ಎಲ್ಲರೂ ಸುಮ್ಮನಿದ್ದದ್ದು ಮೆಚ್ಚುಗೆಯಿಂದ ಎಂದೇ ಅವರ ಎಣಿಕೆ. ವಿಮೆಯವರು ಬಾಯಿ ತೆರೆದರು. ಹೆಂಡತಿ ಅವರನ್ನು ನೋಡಿದ ನೋಟಕ್ಕೆ ಮುಚ್ಚಿದರು.

"ಬಹಳ ಚೆನ್ನಾಗಿ ಆಗಿದೆ ಮಾವ" ಎಂದರು ನೋಡೋಣಪ್ಪ.

ಭಾನುವಾರ ಹುಡುಗಿ ಬಂದು ಗಿಟಾರು ತೆಗೆದುಕೊಂಡು ಹೋದಳು. ಎತ್ತಿಕೊಂಡ ಕೂಡಲೇ ಅದರ ಬೆನ್ನಿನ ಸವೆದ ಜಾಗಕ್ಕೆ ಕೆನ್ನೆ ತಾಗಿಸಿದಳು. ಅದು ಅವಳ ಅಪ್ಪನೇ ಹಿಡಿದ ಮರ, ಅದರಲ್ಲಿ ಅನುಮಾನವಿರಲಿಲ್ಲ. ನೋಡೋಣಪ್ಪನವರು ಗೇಟಿನ ತನಕ ಹೋಗಿ ಬೀಳ್ಕೊಟ್ಟು ಬಂದು ಮಂಚದ ಮೇಲೆ ಮಲಗಿದರು. ಹಳೆಯದು ಹೋಯಿತು. ಹೊಸದನ್ನು ಮಾಡಿದ ಮನುಷ್ಯನ ಅಂಗಡಿಯನ್ನು ತಾವೇ ಬರಿದು ಮಾಡಿದ್ದಾಗಿತ್ತು. ಇನ್ನು ಯಾವ ಮುಖ ಹೊತ್ತು ಹೋಗಿ ಗಿಟಾರು ಕೊಡಿ ಎಂದು ಕೇಳುವುದು. ಆ ಒಂದು ಗಂಟೆಯ ಆಸೆ ಬಿಟ್ಟುಬಿಡುವುದೇ ಸರಿ ಎನ್ನಿಸಿತು.

ಆದರೆ ಮೇಸ್ತ್ರಿಯ ಹೆಸರು ಕೆಟ್ಟದ್ದನ್ನು ಬಿಟ್ಟುಬಿಡಲಾಗುವುದಿಲ್ಲವಲ್ಲ. ಸೋಮವಾರ ಕಿಂಡಿ ತೆರೆದಾಗ ಮೊದಲು ತಲೆ ತೂರಿಸಿದ ಹೆಂಗಸು, ನಲ್ಲಿಯಲ್ಲಿ ಕೆಸರು ಬರುತ್ತಿದೆ ಎಂದರು. ನೋಡೋಣಪ್ಪ ಕೇಳಿಸಿಕೊಂಡು, "ಆಯ್ತಮ್ಮ, ಹೇಳ್ತೀನಿ. ಇನ್ನೊಂದು ವಿಷಯ. ಗಿಟಾರ್ ಮೇಸ್ತ್ರಿ ನೆಕ್ಕು ಬದಲಾಯಿಸಿಲ್ಲ. ತಪ್ಪು ನಂದು. ಕುರ್ಚಿ ಕುಂಟ್ತಾ ಇತ್ತು" ಎಂದರು. ಹೆಂಗಸು ಗಾಬರಿಯಾಗಿ ಹಿಂದೆ ನಿಂತವರ ಮುಖ ನೋಡಿದರು. ಹಿಂದೆ ನಿಂತವರಿಗೂ ಅದೇ ಸಮಾಚಾರ ಸಿಕ್ಕಿತು. ನಲ್ಲಿ ಒಣಗಿದವರಿಗೂ, ನಲ್ಲಿ ನಿಲ್ಲದವರಿಗೂ, ಬಿಲ್ ಕಟ್ಟಲು ಬಂದು ಕಿಂಡಿ ತಪ್ಪಿ ನಿಂತವರಿಗೂ ಮೇಸ್ತ್ರಿ ನಿರಪರಾಧಿ ಎಂಬ ಮಾತು ತಪ್ಪಲಿಲ್ಲ. ಪಾಪ, ಬಿಸಿಲು ಜಾಸ್ತಿ, ಕೆಲಸದ ಒತ್ತಡ ಎಂದು ಜನ ಮರುಗಿದರು. ಮರುಗುತ್ತಲೇ ಊರಿಗೆಲ್ಲ ಹೇಳಿದರು. ವಿಮೆಯವರೂ ಸುಮ್ಮನಿರಲಿಲ್ಲ; ಪಿಟೀಲಿನವರ ಮನೆಗೆ ತಾವಾಗಿ ಹೋಗಿ, ಮೇಸ್ತ್ರಿಯ ಕೈಯಲ್ಲಿ ಪಿಟೀಲಿಲ್ಲದಿದ್ದರೆ ಅದಕ್ಕೆ ಎಂಥೆಂಥ ಅಪಾಯವಿದೆ ಎಂದು ವಿವರಿಸಿ ಬಂದರಂತೆ. ಅಂದು ನೋಡೋಣಪ್ಪನವರು ದಫೇದಾರರ ಬೀದಿಗೆ ನೀರು ಬಿಡುವ ನೀರುಗಂಟಿಯ ಮನೆಗೂ ಖುದ್ದಾಗಿ ನಡೆದು ಹೋದರು. ದಫೇದಾರರ ನಲ್ಲಿಯಲ್ಲಿ ಮೊದಲು ಗಾಳಿ, ಆಮೇಲೆ ತುಕ್ಕು, ಕೊನೆಗೆ ನೀರು ಬಂತು.

ಆ ವಾರದಲ್ಲೇ ಒಂದು ಮಧ್ಯಾಹ್ನ ಅವರು ಮೇಸ್ತ್ರಿಯ ಅಂಗಡಿಯ ಬಾಗಿಲಲ್ಲಿ ಹೋಗಿ ನಿಂತರು. ಗೋಡೆಯ ಮೇಲೆ ಪಿಟೀಲು ಹಿಂದಿರುಗಿತ್ತು. ಪಕ್ಕದಲ್ಲಿ ಇನ್ನೆರಡು ವಾದ್ಯಗಳೂ ಇದ್ದವು. ಅರ್ಧ ಮೊಳೆಗಳು ಇನ್ನೂ ಖಾಲಿ. ಮೇಸ್ತ್ರಿ ತಲೆಯೆತ್ತದೆ ಮರ ಉಜ್ಜುತ್ತಿದ್ದರು.

ನೋಡೋಣಪ್ಪನವರು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಬಾಗಿಲಲ್ಲೇ ಉದುರಿಹೋಯಿತು. "ತಪ್ಪಾಯ್ತು ಮೇಸ್ತ್ರಿ" ಎಂದಷ್ಟೇ ಬಂತು. "ಗಿಟಾರ್ ಕೇಳೋಕೆ ಬಂದಿಲ್ಲ. ಅದನ್ನ ಯಾರಿಗಾದ್ರೂ ಕೊಟ್ಬಿಡಿ."

ಮರಳುಕಾಗದ ಸ್ವಲ್ಪ ಹೊತ್ತು ಸದ್ದು ಮಾಡಿತು. ಆಮೇಲೆ ನಿಂತಿತು.

"ಯಾರಿಗೆ ಕೊಡ್ಲಿ?" ಎಂದರು ಮೇಸ್ತ್ರಿ. "ಅದಕ್ಕೆ ಬೇರೆ ಯಾರ ಕೈ ಹೊಂದುತ್ತೆ? ಕೂತ್ಕೊಳ್ಳಿ."

ಸ್ಟೂಲಿನ ಮೇಲೆ ಮರದ ಪುಡಿಯಿತ್ತು. ಮೇಸ್ತ್ರಿ ಅದನ್ನು ಹೆಗಲ ವಸ್ತ್ರದಿಂದ ಒರೆಸಿದರು. ನೋಡೋಣಪ್ಪ ಕೂತ ಮೇಲೆ, ಬೆಂಚಿನ ಕೆಳಗಿಂದ ಒಂದು ಮರದ ಚೂರು ಆರಿಸಿದರು. ಹೊಸ ನೆಕ್ಕಿನಿಂದ ಕೊಯ್ದು ಉಳಿದ ತುಂಡು ಅದು. ಮಂಡಿಯೂರಿ ಕೂತು, ಸ್ಟೂಲಿನ ಬಲಗಡೆಯ ಕಾಲುಗಳಡಿ ಅದನ್ನು ಉದ್ದಕ್ಕೆ ಸರಿಸಿದರು. ಸ್ಟೂಲು ಎಡಕ್ಕೆ ವಾಲಿತು. ಗೋಡೆಯಿಂದ ಹೊಸ ಗಿಟಾರು ಇಳಿಸಿ ಅವರ ತೊಡೆಯ ಮೇಲಿಟ್ಟರು.

ನೋಡೋಣಪ್ಪನವರು ಹಿಡಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಹೆಬ್ಬೆರಳು ಒಂದು ಕ್ಷಣ ಹುಡುಕಿತು, ಕೂತಿತು. ಸೊಳ್ಳೆಯ ಹಾಡಿನಷ್ಟು ಸಣ್ಣ ದನಿ ಅಂಗಡಿಯಲ್ಲಿ ಎದ್ದಿತು, ಬಹಳ ಹೊತ್ತು ಇತ್ತು. ಬಾಗಿಲಿಗೆ ಬಂದ ಗಿರಾಕಿಯೊಬ್ಬರಿಗೆ ಮೇಸ್ತ್ರಿ ಬೆರಳಿನಲ್ಲೇ ಆಮೇಲೆ ಬನ್ನಿ ಎಂದರು.

ದನಿ ನಿಂತಾಗ ಬಿಸಿಲು ಹೊಸಿಲು ದಾಟಿ ಒಳಗೆ ಬಂದಿತ್ತು. ಇಷ್ಟು ದಿನ ಊಟದ ಬಿಡುವನ್ನೆಲ್ಲ ಈ ಸ್ಟೂಲಿನ ಮೇಲೇ ಕಳೆದವರು, ಅದರಲ್ಲಿ ಒಂದು ದಿನವೂ ಊಟ ಮಾಡಿದ್ದಿಲ್ಲವೆಂದು ಮೇಸ್ತ್ರಿ ಯಾವಾಗಲೋ ಗಮನಿಸಿದ್ದರೇನೋ. ಬೆಂಚಿನ ಮೂಲೆಯಿಂದ ತಮ್ಮ ಊಟದ ಡಬ್ಬಿ ತೆಗೆದು, ಮೇಲೆ ಬಿದ್ದ ಪುಡಿಯನ್ನು ಊದಿ, ಮುಚ್ಚಳ ಬಿಚ್ಚಿದರು. ಅನ್ನವನ್ನು ನಡುವೆ ಗೀರಿ, ಅರ್ಧವನ್ನು ಮುಚ್ಚಳಕ್ಕೆ ಹಾಕಿ, ಪಲ್ಯದಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಅದರ ಪಕ್ಕಕ್ಕಿಟ್ಟು, ಸ್ಟೂಲಿನ ವಾಲು ನೋಡಿಕೊಂಡು ಚೆಲ್ಲದ ಹಾಗೆ ಎರಡೂ ಕೈಯಿಂದ ಅವರ ಕೈಗೆ ಕೊಟ್ಟರು.